ತನ್ನದೆಂಬ ಒಲೆಯಿಲ್ಲದ ಅತಿಥಿ

ಮಳೆಗಾಲ ಕಾಲಿಟ್ಟ ಮೊದಲ ವಾರಗಳಲ್ಲಿ ಪಟ್ಟಣದ ಯಾವ ವೈದ್ಯರ ಚಿಕಿತ್ಸಾಲಯಕ್ಕೆ ಹೋದರೂ ಕಾಣುವ ದೃಶ್ಯ ಒಂದೇ. ಬೆಂಚಿನ ಮೇಲೆ ಮೂಗು ಸೋರುವ ಮಕ್ಕಳು, ಅವರ ಹಣೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ತಾಯಂದಿರು, ಗಡಿಯಾರದ ಕಡೆಗೆ ಕಣ್ಣಿಟ್ಟ ತಂದೆಯರು. ಸರದಿ ಬಂದೊಡನೆ ತಂದೆ ಕೇಳುವ ಮಾತೂ ಒಂದೇ: “ಡಾಕ್ಟರೇ, ಒಂದು ಒಳ್ಳೆಯ ಇಂಜೆಕ್ಷನ್ ಕೊಟ್ಟುಬಿಡಿ. ಸೋಮವಾರ ಹುಡುಗನಿಗೆ ಪರೀಕ್ಷೆಯಿದೆ.”

ವೈದ್ಯರು ಹುಡುಗನ ಗಂಟಲನ್ನು ನೋಡುತ್ತಾರೆ, ಎದೆಯನ್ನು ಪರೀಕ್ಷಿಸುತ್ತಾರೆ, ಬಳಿಕ ನಕ್ಕು ಹೇಳುತ್ತಾರೆ: “ಇದು ವೈರಸ್ಸಿನ ಜ್ವರ, ಸ್ವಾಮಿ. ಇದಕ್ಕೆ ಆ ಔಷಧ ನಾಟುವುದಿಲ್ಲ. ಗಂಜಿ, ಬಿಸಿನೀರು, ವಿಶ್ರಾಂತಿ. ನಾಲ್ಕು ದಿನ ತಾಳಿಕೊಳ್ಳಿ. ಜ್ವರ ಇಳಿಯದಿದ್ದರೆ ಕರೆದುಕೊಂಡು ಬನ್ನಿ.”

ತಂದೆಗೆ ಸಮಾಧಾನವಾಗುವುದಿಲ್ಲ. ಹಿಂದಿನ ವರ್ಷ ಮನೆಯ ಅಜ್ಜಿ ನ್ಯುಮೋನಿಯದಿಂದ ಹಾಸಿಗೆ ಹಿಡಿದಾಗ ಇದೇ ವೈದ್ಯರು ಕೊಟ್ಟ ಆಂಟಿಬಯಾಟಿಕ್ ಮದ್ದು ಮೂರು ದಿನಗಳಲ್ಲಿ ಆಕೆಯನ್ನು ಎಬ್ಬಿಸಿ ಕೂರಿಸಿತ್ತು. ಅಜ್ಜಿಯ ಪ್ರಾಣವನ್ನು ಉಳಿಸಿದ ಮದ್ದು ಮೊಮ್ಮಗನ ನೆಗಡಿಯ ಮುಂದೆ ಸೋಲುವುದೇಕೆ? ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರವಿರುವುದು ವೈರಸ್ ಎಂಬ ವಸ್ತುವಿನ ವಿಚಿತ್ರವಾದ ಬಾಳುವೆಯಲ್ಲಿ.

ಸೋಸಿದರೂ ಉಳಿದ ವಿಷ

ವೈರಸ್ಸಿನ ಕಥೆ ಆರಂಭವಾದುದು ಮನುಷ್ಯನ ರೋಗದಿಂದಲ್ಲ, ಹೊಗೆಸೊಪ್ಪಿನ ಗಿಡದ ರೋಗದಿಂದ. ಎಲೆಗಳ ಮೇಲೆ ತಿಳಿಹಸುರು, ಕಡುಹಸುರು ಮಚ್ಚೆಗಳನ್ನು ಎಬ್ಬಿಸಿ ಬೆಳೆಯನ್ನು ಕೆಡಿಸುವ ಈ ರೋಗ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ರೈತರನ್ನು ಬಹಳವಾಗಿ ಕಾಡಿತ್ತು. ರೋಗಗಳಿಗೆ ಕಾರಣ ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳು ಎಂಬುದು ಅಷ್ಟು ಹೊತ್ತಿಗೆ ಪಾಸ್ತರ್, ಕಾಖ್ ಮೊದಲಾದ ಮಹನೀಯರ ದುಡಿಮೆಯಿಂದ ಸ್ಥಿರಪಟ್ಟಿತ್ತು. ಪಾಸ್ತರನ ಸಹೋದ್ಯೋಗಿಯಾಗಿದ್ದ ಶಾಂಬರ್ಲಾಂ ಎಂಬಾತ 1884ರಲ್ಲಿ ಮೆರುಗಿಲ್ಲದ ಪಿಂಗಾಣಿಯಿಂದ ಒಂದು ಸೋಸುಕವನ್ನು ರಚಿಸಿದ್ದ. ಅದರ ರಂಧ್ರಗಳು ಎಷ್ಟು ಕಿರಿದೆಂದರೆ ನೀರು ಇಳಿಯುತ್ತಿತ್ತೇ ಹೊರತು ಬ್ಯಾಕ್ಟೀರಿಯಗಳು ಇಳಿಯುತ್ತಿರಲಿಲ್ಲ.

1892ರಲ್ಲಿ ರಷ್ಯದ ದ್ಮಿತ್ರಿ ಇವನೋವ್‌ಸ್ಕಿ ರೋಗ ತಗುಲಿದ ಹೊಗೆಸೊಪ್ಪನ್ನು ಅರೆದು, ಅದರ ರಸವನ್ನು ಈ ಪಿಂಗಾಣಿಯ ಮೂಲಕ ಸೋಸಿದ. ಹೀಗೆ ಶುದ್ಧವಾದ ರಸದಿಂದ ರೋಗ ಹರಡಬಾರದಾಗಿತ್ತು, ಆದರೆ ಹರಡಿತು! ಆರು ವರ್ಷಗಳ ಬಳಿಕ, 1898ರಲ್ಲಿ, ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ ಈ ಪ್ರಯೋಗವನ್ನು ಮುಂದುವರಿಸಿದ. ಸೋಸಿದ ರಸದಲ್ಲಿರುವುದು ಬರಿಯ ವಿಷವಾಗಿದ್ದರೆ ಒಂದು ಗಿಡದಿಂದ ಮತ್ತೊಂದು ಗಿಡಕ್ಕೆ, ಅದರಿಂದ ಮಗುದೊಂದಕ್ಕೆ ಹಾಯಿಸುತ್ತ ಹೋದಂತೆ ಅದು ನೀರಾಗಿ ಶಕ್ತಿಗುಂದಬೇಕಷ್ಟೆ. ಹಾಗಾಗಲಿಲ್ಲ. ಎಷ್ಟನೆಯ ಗಿಡಕ್ಕೆ ಹೋದರೂ ರೋಗದ ತೀವ್ರತೆ ಕುಂದಲಿಲ್ಲ. ಎಂದ ಮೇಲೆ ಆ ವಸ್ತು ಗಿಡದೊಳಗೆ ವೃದ್ಧಿಯಾಗುತ್ತಿರಬೇಕು. ಆದರೆ ಗಾಜಿನ ಪಾತ್ರೆಯಲ್ಲಿ ಎಂತಹ ಪುಷ್ಟಿಕರವಾದ ಸಾರವನ್ನು ಬಡಿಸಿದರೂ ಅದು ಒಂದಿಷ್ಟೂ ಹೆಚ್ಚಲಿಲ್ಲ. ಜೀವಂತ ಗಿಡವೇ ಬೇಕಾಯಿತು. ಬೈಯರಿಂಕ್ ಅದನ್ನು ‘ವೈರಸ್’ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ವಿಷವೆಂದೇ ಅರ್ಥ.

1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ಈ ವೈರಸ್ಸನ್ನು ಸೂಜಿಯಂತಹ ಹರಳುಗಳ ರೂಪದಲ್ಲಿ ಬೇರ್ಪಡಿಸಿದಾಗ ವಿಜ್ಞಾನ ಲೋಕವೇ ಬೆರಗಾಯಿತು. ಉಪ್ಪು ಹರಳಾಗುತ್ತದೆ, ಸಕ್ಕರೆ ಹರಳಾಗುತ್ತದೆ, ಜೀವಿ ಹರಳಾಗುವುದುಂಟೆ? ಸೀಸೆಯಲ್ಲಿಟ್ಟರೆ ಈ ಹರಳು ಉಣ್ಣದು, ಉಸಿರಾಡದು, ಬೆಳೆಯದು. ಅದನ್ನೇ ನೀರಿನಲ್ಲಿ ಕರಗಿಸಿ ಎಲೆಗೆ ಉಜ್ಜಿದರೆ ಕೆಲವೇ ದಿನಗಳಲ್ಲಿ ಗಿಡವೆಲ್ಲ ರೋಗ! ಈ ಶೋಧನೆಗಾಗಿ ಸ್ಟಾನ್ಲಿಗೆ 1946ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಪಾಕವಿಧಾನವುಂಟು, ಅಡುಗೆಮನೆಯಿಲ್ಲ

ಹಾಗಾದರೆ ವೈರಸ್ಸಿನಲ್ಲಿ ಇರುವುದೇನು? ಒಳಗೆ ಡಿ.ಎನ್.ಎ. ಅಥವಾ ಆರ್.ಎನ್.ಎ. ಎಂಬ ನ್ಯೂಕ್ಲಿಯಿಕ್ ಆಮ್ಲದ ಎಳೆ. ಹೊರಗೆ ಅದನ್ನು ಕಾಪಾಡುವ ಪ್ರೋಟೀನಿನ ಕವಚ. ಕೆಲವಕ್ಕೆ ಅದರ ಮೇಲೊಂದು ಕೊಬ್ಬಿನ ತೆಳು ಹೊದಿಕೆ. ಹೆಚ್ಚಿನವುಗಳ ಸಂಪತ್ತು ಇಷ್ಟೇ.

ಒಳಗಿನ ಎಳೆಯೆಂಬುದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಒಂದು ಪಾಕವಿಧಾನವೆನ್ನಬಹುದು. ‘ಇಂತಿಂತಹ ಪ್ರೋಟೀನುಗಳನ್ನು ಮಾಡು, ಈ ಬರಹವನ್ನು ನಕಲು ಮಾಡು’ ಎಂಬುದೇ ಅದರ ಸಾರಾಂಶ. ಮನುಷ್ಯನ ಜೀವಕೋಶದಲ್ಲಿರುವ ಇಂತಹ ಬರಹ ಸುಮಾರು 300 ಕೋಟಿ ಅಕ್ಷರಗಳಷ್ಟು ದೀರ್ಘವಾದುದು. ಪೋಲಿಯೊ ವೈರಸ್ಸಿನದು ಸುಮಾರು 7,500 ಅಕ್ಷರಗಳು ಮಾತ್ರ. ವಾರಪತ್ರಿಕೆಯ ಎರಡು ಮೂರು ಪುಟಗಳಲ್ಲಿ ಅಚ್ಚಾಗಿ ಮುಗಿಯಬಹುದಾದ ಅಷ್ಟು ಕಿರಿಯ ಬರಹ ಒಂದು ಮಗುವಿನ ಕಾಲನ್ನು ಆಜನ್ಮ ಊನಗೊಳಿಸಬಲ್ಲುದು!

ಗಾತ್ರವನ್ನು ಹೇಳುವುದಾದರೆ, ಸಾಮಾನ್ಯ ಬ್ಯಾಕ್ಟೀರಿಯವನ್ನು ಸಾವಿರದಷ್ಟು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಪೋಲಿಯೊ ವೈರಸ್ಸುಗಳಾದರೆ ಅದೇ ಒಂದು ಮಿಲಿಮೀಟರಿಗೆ ಸುಮಾರು 33,000 ಬೇಕು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಇವು ನಿಲುಕುವಂತಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆಯೇ, 1939ರಲ್ಲಿ, ಹೊಗೆಸೊಪ್ಪಿನ ವೈರಸ್ಸು ಕೋಲಿನಾಕಾರದಲ್ಲಿ ಮನುಷ್ಯನ ಕಣ್ಣಿಗೆ ಕಾಣಿಸಿದುದು.

ಗಾತ್ರಕ್ಕಿಂತ ಮುಖ್ಯವಾದ ಭೇದ ಮತ್ತೊಂದುಂಟು. ಬ್ಯಾಕ್ಟೀರಿಯ ಎಷ್ಟೇ ಚಿಕ್ಕದಾದರೂ ಸ್ವಂತ ಸಂಸಾರ ಹೂಡಿದ ಗೃಹಸ್ಥ. ಅದಕ್ಕೆ ತನ್ನದೇ ಗೋಡೆಯುಂಟು. ಆಹಾರವನ್ನು ಶಕ್ತಿಯಾಗಿಸುವ ಒಲೆಯುಂಟು. ಪ್ರೋಟೀನುಗಳನ್ನು ಹೆಣೆಯುವ ರೈಬೊಸೋಮ್ ಎಂಬ ಕರಣಗಳುಂಟು. ವೈರಸ್ಸಿಗೆ ಇವೊಂದೂ ಇಲ್ಲ. ಅದು ಕೈಯಲ್ಲಿ ಪಾಕವಿಧಾನವೊಂದನ್ನು ಹಿಡಿದುಕೊಂಡು ಬೀದಿಯಲ್ಲಿ ನಿಂತಿರುವ ಅತಿಥಿ. ಒಲೆ, ಪಾತ್ರೆ, ದಿನಸಿ, ಅಡುಗೆಯವರು ಎಲ್ಲವೂ ಪರರ ಮನೆಯವೇ ಆಗಬೇಕು.

ಬೀಗ ಮತ್ತು ಬೀಗದ ಕೈ

ಪರರ ಮನೆಯನ್ನು ಹೊಗುವುದಾದರೂ ಸುಲಭವಲ್ಲ. ಜೀವಕೋಶದ ಹೊರಮೈಯಲ್ಲಿ ನಾನಾ ಬಗೆಯ ಅಣುಗಳು ಚಾಚಿಕೊಂಡಿರುತ್ತವೆ. ಆಹಾರ, ಹಾರ್ಮೋನು ಮೊದಲಾದುವು ಬಂದಾಗ ಅವನ್ನು ಗುರುತಿಸುವುದಕ್ಕೂ ನೆರೆಯ ಕೋಶಗಳೊಡನೆ ವ್ಯವಹರಿಸುವುದಕ್ಕೂ ಅವು ಬೇಕು. ವೈರಸ್ಸಿನ ಕವಚದ ಮೇಲಿನ ಪ್ರೋಟೀನು ಇವುಗಳಲ್ಲಿ ಯಾವುದಾದರೊಂದಕ್ಕೆ ಬೀಗಕ್ಕೆ ಬೀಗದ ಕೈ ಹೊಂದುವಂತೆ ಹೊಂದಿಕೊಳ್ಳಬೇಕು. ಹೊಂದಿದರೆ ಬಾಗಿಲು ತೆರೆಯಿತು, ಇಲ್ಲವಾದರೆ ಇಲ್ಲ.

ಹೊಗೆಸೊಪ್ಪನ್ನು ಕೆಡಿಸುವ ವೈರಸ್ಸು ಅದನ್ನು ಕೊಯ್ಯುವ ರೈತನಿಗೆ ರೋಗ ತಾರದಿರುವುದೂ, ಇನ್‌ಫ್ಲುಯೆಂಜ ಉಸಿರಾಟದ ಹಾದಿಯನ್ನೇ ಆರಿಸಿಕೊಳ್ಳುವುದೂ, ಕಾಮಾಲೆಯನ್ನು ತರುವ ಹೆಪಟೈಟಿಸ್ ವೈರಸ್ಸುಗಳು ಪಿತ್ತಜನಕಾಂಗಕ್ಕೇ ಹೋಗಿ ನೆಲೆಸುವುದೂ ಬಹುಮಟ್ಟಿಗೆ ಈ ಹೊಂದಾಣಿಕೆಯ ಫಲ. 2020ರಲ್ಲಿ ಲೋಕವನ್ನೆಲ್ಲ ಮನೆಯೊಳಗೆ ಕೂಡಿಹಾಕಿದ ಕೊರೋನ ವೈರಸ್ಸಿನ ಮೈಮೇಲಿನ ಮುಳ್ಳುಗಳು ಸಹ ಇಂತಹ ಬೀಗದ ಕೈಗಳೇ.

ಅರ್ಧ ಗಂಟೆಯ ನಾಟಕ

ಒಳಹೊಕ್ಕ ಮೇಲೆ ನಡೆಯುವುದೇನು? ಇದನ್ನು ತಿಳಿಯಲು ವಿಜ್ಞಾನಿಗಳು ಬ್ಯಾಕ್ಟೀರಿಯಗಳನ್ನೇ ಬಾಧಿಸುವ ವೈರಸ್ಸುಗಳ ಮೊರೆಹೊಕ್ಕರು. ಇವಕ್ಕೆ ಬ್ಯಾಕ್ಟೀರಿಯೊಫೇಜ್, ಸಂಕ್ಷೇಪವಾಗಿ ಫೇಜ್, ಎಂದು ಹೆಸರು. ರೋಗ ತರುವ ಬ್ಯಾಕ್ಟೀರಿಯಕ್ಕೂ ರೋಗ ತಪ್ಪದೆಂಬುದು ಸೋಜಿಗವೇ ಸರಿ.

1952ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಶಾಲೆಯಲ್ಲಿ ಆಲ್‌ಫ್ರೆಡ್ ಹರ್ಷಿ ಮತ್ತು ಮಾರ್ತಾ ಚೇಸ್ ಎಂಬಿಬ್ಬರು ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಫೇಜಿನ ಪ್ರೋಟೀನ್ ಕವಚಕ್ಕೆ ವಿಕಿರಣ ಸೂಸುವ ಗಂಧಕದ ಗುರುತನ್ನೂ, ಮತ್ತೊಂದು ತಂಡದ ಫೇಜುಗಳ ಡಿ.ಎನ್.ಎ.ಗೆ ವಿಕಿರಣ ಸೂಸುವ ರಂಜಕದ ಗುರುತನ್ನೂ ಅವರು ಹಚ್ಚಿದರು. ಫೇಜುಗಳು ಬ್ಯಾಕ್ಟೀರಿಯಗಳಿಗೆ ಅಂಟಿಕೊಂಡ ಕೆಲವು ನಿಮಿಷಗಳ ಬಳಿಕ ಮಿಶ್ರಣವನ್ನು ಯಂತ್ರವೊಂದರಲ್ಲಿ ಹಾಕಿ ಕಡೆದರು. ಆ ಯಂತ್ರ ಬೇರೆ ಯಾವುದೂ ಅಲ್ಲ. ಗೃಹಿಣಿಯರು ಅಡುಗೆಮನೆಯಲ್ಲಿ ಬಳಸುವ ಮಿಕ್ಸಿಯ ಬಂಧು! ಕಡೆದ ರಭಸಕ್ಕೆ ಹೊರಗೆ ಅಂಟಿದ್ದ ಭಾಗಗಳು ಕಳಚಿ ಬಿದ್ದುವು. ಗಂಧಕದ ಹೆಚ್ಚು ಪಾಲು ಹೊರಗಿನ ದ್ರವದಲ್ಲಿಯೇ ಉಳಿದಿತ್ತು. ರಂಜಕದ ಹೆಚ್ಚು ಪಾಲು ಬ್ಯಾಕ್ಟೀರಿಯದೊಳಗೆ ಸೇರಿತ್ತು. ಅರ್ಥ ಸ್ಪಷ್ಟವಾಯಿತು: ಫೇಜು ತನ್ನ ಅಂಗಿಯನ್ನು ಬಾಗಿಲಲ್ಲಿ ಕಳಚಿಟ್ಟು ಪಾಕವಿಧಾನವನ್ನು ಮಾತ್ರ ಒಳಕ್ಕೆ ತೂರಿಸುತ್ತದೆ. ಹರ್ಷಿ 1969ರಲ್ಲಿ, ಮತ್ತಿಬ್ಬರು ಫೇಜ್ ತಜ್ಞರೊಡನೆ, ನೊಬೆಲ್ ಪಾರಿತೋಷಕವನ್ನು ಪಡೆದ.

ಈಗ ಒಳಗಿನ ನಾಟಕ. ಬ್ಯಾಕ್ಟೀರಿಯ ಒಂದು ಎರಡಾಗಿ, ಎರಡು ನಾಲ್ಕಾಗಿ ಸೀಳಿ ಹೆಚ್ಚುವಂತಹುದು. ವೈರಸ್ಸು ಹಾಗೆ ಸೀಳುವುದಿಲ್ಲ. ಫೇಜು ಹೊಕ್ಕ ಮೊದಲ ಹತ್ತು ನಿಮಿಷಗಳೊಳಗೆ ಆ ಬ್ಯಾಕ್ಟೀರಿಯವನ್ನು ಒಡೆದು ನೋಡಿದರೆ ಒಂದು ಫೇಜೂ ಸಿಕ್ಕುವುದಿಲ್ಲ! ಹೊಕ್ಕದ್ದು ಮಾಯವಾಗಿರುತ್ತದೆ. ಅದಕ್ಕೆ ‘ಗ್ರಹಣಕಾಲ’ವೆಂದೇ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ವಾಸ್ತವವಾಗಿ ಆ ಹೊತ್ತಿನಲ್ಲಿ ಮನೆಯ ಯಜಮಾನಿಕೆ ಕೈಬದಲಾಗಿರುತ್ತದೆ. ಬ್ಯಾಕ್ಟೀರಿಯದ ರೈಬೊಸೋಮುಗಳು ತಮ್ಮ ಮನೆಯ ಅಡುಗೆಯನ್ನು ಬಿಟ್ಟು ಫೇಜಿನ ಪಾಕವಿಧಾನದಂತೆ ಪ್ರೋಟೀನುಗಳನ್ನು ಹೆಣೆಯತೊಡಗುತ್ತವೆ. ಬರಹದ ನೂರಾರು ನಕಲುಗಳು ಸಿದ್ಧವಾಗುತ್ತವೆ. ಒಂದೆಡೆ ತಲೆಗಳು, ಒಂದೆಡೆ ಬಾಲಗಳು ರಾಶಿ ಬೀಳುತ್ತವೆ. ಆಮೇಲೆ ಇವೆಲ್ಲ ಕೂಡಿಕೊಂಡು ಪೂರ್ಣರೂಪದ ಫೇಜುಗಳಾಗುತ್ತವೆ. ಸುಮಾರು ಅರ್ಧ ಗಂಟೆಗೆ ಬ್ಯಾಕ್ಟೀರಿಯದ ಗೋಡೆ ಒಡೆಯುತ್ತದೆ. ಒಂದಾಗಿ ಹೊಕ್ಕದ್ದು ನೂರಕ್ಕೂ ಮಿಗಿಲಾಗಿ ಹೊರಕ್ಕೆ ನುಗ್ಗುತ್ತದೆ.

ಬಿಡಿಭಾಗಗಳನ್ನು ಕೂಡಿಸುವ ಕಮ್ಮಾರನಾರು ಎಂಬ ಸಂದೇಹ ಬರಬಹುದು. ಅದಕ್ಕೂ ಉತ್ತರ ದೊರೆತಿದೆ. 1955ರಲ್ಲಿ ಕ್ಯಾಲಿಫೋರ್ನಿಯದ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ವೈರಸ್ಸಿನ ಆರ್.ಎನ್.ಎ.ಯನ್ನೂ ಪ್ರೋಟೀನನ್ನೂ ಬೇರೆಬೇರೆಯಾಗಿ ತೆಗೆದು, ಮತ್ತೆ ಒಂದೇ ಪಾತ್ರೆಯಲ್ಲಿ ಬೆರೆಸಿದರು. ಯಾರ ಹಂಗೂ ಇಲ್ಲದೆ ಭಾಗಗಳು ತಾವಾಗಿಯೇ ಕೂಡಿಕೊಂಡು ರೋಗ ತರಬಲ್ಲ ವೈರಸ್ಸುಗಳಾದುವು. ಸರಿಯಾದ ಆಕಾರದ ತುಂಡುಗಳಿದ್ದರೆ ಸಾಕು, ಕೂಡಿಕೆ ತಾನಾಗಿ ನಡೆಯುತ್ತದೆ.

ಮನುಷ್ಯನ ಕೋಶಗಳಲ್ಲಿಯೂ ಕಥೆಯ ಹಂದರ ಇದೇ: ಅಂಟುವುದು, ಹೊಗುವುದು, ಕಳಚುವುದು, ನಕಲಿಸುವುದು, ಕೂಡುವುದು, ಹೊರಡುವುದು. ಆದರೆ ಇಲ್ಲಿ ಕಾಲ ಹೆಚ್ಚು ಹಿಡಿಯುತ್ತದೆ. ಹೊರಡುವ ರೀತಿಯೂ ಭಿನ್ನವಾಗಿರಬಹುದು. ಇನ್‌ಫ್ಲುಯೆಂಜದಂತಹ ವೈರಸ್ಸುಗಳು ಹೊರಡುವಾಗ ಕೋಶದ ಪೊರೆಯ ತುಣುಕೊಂದನ್ನೇ ಹೊದ್ದುಕೊಂಡು ಹೋಗುತ್ತವೆ. ಉಂಡ ಮನೆಯವರ ಶಾಲನ್ನೇ ಹೊದ್ದು ಹೊರಟ ಅತಿಥಿಯಂತೆ! ಹಿಂದೆ ಹೇಳಿದ ಕೊಬ್ಬಿನ ಹೊದಿಕೆ ಇದೇ.

ಅಡಗಿ ಕೂತವರು, ವೇಷ ಬದಲಿಸುವವರು

ಎಲ್ಲ ವೈರಸ್ಸುಗಳೂ ಬಂದೊಡನೆ ಅಡುಗೆ ಆರಂಭಿಸುವುದಿಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸು ರೋಗ ಗುಣವಾದ ಮೇಲೂ ದೇಹವನ್ನು ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ದಶಕಗಳ ಕಾಲ ಮೌನವಾಗಿ ಕುಳಿತು, ಮುಪ್ಪಿನಲ್ಲಿ ದೇಹ ಬಳಲಿದಾಗ ಸರ್ಪಸುತ್ತಾಗಿ ಹೊರಬರುವುದುಂಟು. ಅಜ್ಜನ ಸರ್ಪಸುತ್ತು ಯಾವ ಸರ್ಪದ ಶಾಪವೂ ಅಲ್ಲ. ಆತನ ಬಾಲ್ಯದ ಅತಿಥಿಯೇ ನಿದ್ದೆಯಿಂದ ಎದ್ದದ್ದು. ಏಡ್ಸ್ ರೋಗದ ವೈರಸ್ಸಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಬರಹವನ್ನು ಮನುಷ್ಯನ ಡಿ.ಎನ್.ಎ.ಯ ನಡುವೆಯೇ ಸೇರಿಸಿ ಬರೆದುಬಿಡುತ್ತದೆ. ಮನೆಯ ಪಾಕಪುಸ್ತಕದಲ್ಲಿಯೇ ಕಳ್ಳಪುಟ ಸೇರಿಕೊಂಡಂತೆ!

ನಕಲು ಮಾಡುವಾಗ ಅಕ್ಷರ ತಪ್ಪುವುದೂ ಉಂಟು. ಆರ್.ಎನ್.ಎ. ವೈರಸ್ಸುಗಳಲ್ಲಿ ಇಂತಹ ತಪ್ಪುಗಳು ವಿಶೇಷ. ತಿದ್ದುವ ಏರ್ಪಾಡು ಬಹುತೇಕ ಅವುಗಳಿಗೆ ಇಲ್ಲ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ಹಾನಿ. ಆದರೆ ಲಕ್ಷದಲ್ಲೊಂದು ತಪ್ಪು ಅದರ ಮುಖವನ್ನು ಕೊಂಚ ಬದಲಿಸಿ, ದೇಹದ ಕಾವಲುಗಾರರಿಗೆ ಗುರುತು ಸಿಕ್ಕದಂತೆ ಮಾಡುವುದುಂಟು. ಇನ್‌ಫ್ಲುಯೆಂಜ ಮತ್ತೆ ಮತ್ತೆ ಬರುವುದಕ್ಕೂ ಅದರ ಲಸಿಕೆಯನ್ನು ವರ್ಷ ವರ್ಷವೂ ಪರಿಶೀಲಿಸಬೇಕಾಗುವುದಕ್ಕೂ ಇದೇ ಕಾರಣ.

ಮದ್ದು ನಾಟದ ಕಾರಣ

ಈಗ ಆ ತಂದೆಯ ಪ್ರಶ್ನೆಗೆ ಮರಳಬಹುದು. ಪೆನಿಸಿಲಿನ್ ಬ್ಯಾಕ್ಟೀರಿಯದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಮತ್ತೆ ಕೆಲವು ಆಂಟಿಬಯಾಟಿಕ್ಕುಗಳು ಬ್ಯಾಕ್ಟೀರಿಯದ ರೈಬೊಸೋಮುಗಳ ಕೈಕಟ್ಟುತ್ತವೆ. ಮನುಷ್ಯನ ಕೋಶಕ್ಕೆ ಅಂತಹ ಗೋಡೆಯಿಲ್ಲ, ಅದರ ರೈಬೊಸೋಮುಗಳ ರಚನೆಯೂ ಬೇರೆ. ಆದುದರಿಂದ ಅಜ್ಜಿಯ ದೇಹದಲ್ಲಿ ವೈರಿ ಸತ್ತ, ಅಜ್ಜಿ ಉಳಿದಳು. ವೈರಸ್ಸಿಗಾದರೋ ಕೆಡಹಲು ಗೋಡೆಯಿಲ್ಲ, ಆರಿಸಲು ಒಲೆಯಿಲ್ಲ. ಅದು ಬಳಸುತ್ತಿರುವುದು ಮೊಮ್ಮಗನ ಒಲೆಯನ್ನೇ. ಅದನ್ನು ಆರಿಸಿದರೆ ಹುಡುಗನಿಗೇ ಉಪವಾಸ.

ವೈರಸ್ಸುಗಳಿಗೆ ಮದ್ದೇ ಇಲ್ಲವೆಂದಲ್ಲ. ವೈರಸ್ಸು ತನ್ನೊಡನೆ ತರುವ ಒಂದೆರಡು ಕಿಣ್ವಗಳನ್ನೇ ಗುರಿಯಿಟ್ಟು ಹೊಡೆಯುವ ಔಷಧಗಳು ಹರ್ಪಿಸ್, ಇನ್‌ಫ್ಲುಯೆಂಜ, ಏಡ್ಸ್ ಮೊದಲಾದ ರೋಗಗಳಿಗೆ ಸಿದ್ಧವಾಗಿವೆ. ಆದರೆ ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದದು. ನೆಗಡಿಯನ್ನಂತೂ ನೂರಕ್ಕೂ ಹೆಚ್ಚು ಬಗೆಯ ವೈರಸ್ಸುಗಳು ತರಬಲ್ಲವು. ನೆಗಡಿಗೆ ಆಂಟಿಬಯಾಟಿಕ್ ನುಂಗಿದರೆ ವೈರಸ್ಸಿಗೆ ಏನೂ ಆಗುವುದಿಲ್ಲ. ದೇಹದಲ್ಲಿರುವ ಬ್ಯಾಕ್ಟೀರಿಯಗಳಿಗೆ ಆ ಮದ್ದನ್ನು ಎದುರಿಸುವ ಅಭ್ಯಾಸವಾಗುತ್ತದೆ. ಮುಂದೊಂದು ದಿನ ನಿಜವಾದ ನ್ಯುಮೋನಿಯ ಬಂದಾಗ ಮದ್ದು ಕೈಕೊಡಬಹುದು. ಇಂದು ಸುಮ್ಮನೆ ನುಂಗಿದ ಮಾತ್ರೆಯ ಬೆಲೆಯನ್ನು ಅಂದು ತೆರಬೇಕಾದೀತು.

ಬಾಗಿಲಲ್ಲಿಯೇ ತಡೆಯುವುದು

ಅಡುಗೆಮನೆಯನ್ನು ಹೊಕ್ಕ ಮೇಲೆ ಹೊರಹಾಕುವುದು ಕಷ್ಟವಾದರೆ ಬಾಗಿಲಲ್ಲಿಯೇ ತಡೆಯುವುದು ಜಾಣತನ. ದೇಹ ಮಾಡುವುದು ಇದನ್ನೇ. ಒಮ್ಮೆ ಕಂಡ ವೈರಸ್ಸಿನ ಗುರುತನ್ನು ಅದು ನೆನಪಿನಲ್ಲಿಟ್ಟು, ಬೀಗದ ಕೈಯ ಹಲ್ಲುಗಳಿಗೇ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಹಲ್ಲು ಮುಚ್ಚಿದ ಬೀಗದ ಕೈಯಿಂದ ಯಾವ ಬಾಗಿಲೂ ತೆರೆಯದು. ರೋಗವನ್ನು ಅನುಭವಿಸದೆಯೇ ಈ ನೆನಪನ್ನು ಉಂಟುಮಾಡುವ ಉಪಾಯಕ್ಕೆ ಲಸಿಕೆಯೆಂದು ಹೆಸರು.

ಇದರ ಫಲ ಸಾಮಾನ್ಯವಾದುದಲ್ಲ. ಅಸಂಖ್ಯ ಜನರನ್ನು ಬಲಿತೆಗೆದುಕೊಂಡ ಸಿಡುಬು 1975ರಲ್ಲಿ ಭಾರತವನ್ನು ಬಿಟ್ಟಿತು. 1980ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ರೋಗಿ ಕಂಡುಬಂದದ್ದು 2011ರ ಜನವರಿಯಲ್ಲಿ. ಈ ಎರಡಕ್ಕೂ ಮನುಷ್ಯನ ಮನೆಯಲ್ಲದೆ ಬೇರೆ ಆಶ್ರಯವಿರಲಿಲ್ಲ. ಮನುಷ್ಯರೆಲ್ಲ ಬಾಗಿಲು ಹಾಕಿಕೊಂಡಾಗ ಸಿಡುಬು ಬೀದಿಯಲ್ಲಿಯೇ ಅಳಿಯಿತು.

ಆದರೆ ಹಲವು ಮನೆಗಳ ಬೀಗದ ಕೈ ಇಟ್ಟುಕೊಂಡಿರುವ ವೈರಸ್ಸನ್ನು ಹೀಗೆ ಅಳಿಸಲಾಗದು. ಕನ್ನಡ ನಾಡಿನದೇ ನಿದರ್ಶನವೊಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಲ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಲ್ಲಿ ಹೊಸ ವೈರಸ್ಸೊಂದನ್ನು ಪತ್ತೆಮಾಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಸೇರಿದುದು ಹೀಗೆ. ಮಲೆನಾಡಿನವರಿಗೆ ಅದು ಮಂಗನ ಕಾಯಿಲೆ. ಕಾಡಿನ ಉಣ್ಣೆಗಳಲ್ಲಿ ಈ ವೈರಸ್ಸು ಸದ್ದಿಲ್ಲದೆ ನೆಲೆಸಿದೆ. ಉಣ್ಣೆ ಕಚ್ಚಿದಾಗ ಮಂಗಕ್ಕೂ ಮನುಷ್ಯನಿಗೂ ಆಪತ್ತು. ಕಾಡಿನ ಉಣ್ಣೆಗಳಿಗೆಲ್ಲ ಲಸಿಕೆ ಹಾಕುವವರಾರು? ಇಲ್ಲಿ ಎಚ್ಚರಿಕೆಯೇ ಮುಖ್ಯ ರಕ್ಷೆ.

ಹುಚ್ಚುನಾಯಿಯ ಕಡಿತದಲ್ಲಂತೂ ಎಚ್ಚರಿಕೆಗೆ ಪ್ರಾಣದಷ್ಟೇ ಬೆಲೆ. ರೇಬೀಸ್ ವೈರಸ್ಸು ಗಾಯದಿಂದ ನರಗಳನ್ನು ಹಿಡಿದು ಮಿದುಳಿನ ಕಡೆಗೆ ನಿಧಾನವಾಗಿ ನಡೆಯುತ್ತದೆ. ರೋಗಲಕ್ಷಣ ತೋರಿದ ಮೇಲೆ ರೋಗಿ ಉಳಿಯುವುದು ಅತ್ಯಂತ ವಿರಳ. ಆದರೆ ಅದರ ನಡಿಗೆ ನಿಧಾನವಾದುದರಿಂದಲೇ, ಕಡಿದ ಮೇಲೆ ಕೊಟ್ಟ ಲಸಿಕೆಯೂ ಅದಕ್ಕಿಂತ ಮುಂಚೆ ಕಾವಲನ್ನು ಕಟ್ಟಬಲ್ಲುದು. 1885ರಲ್ಲಿ ಪಾಸ್ತರ್ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಚುಚ್ಚುಮದ್ದು ಕೊಟ್ಟದ್ದು ಈ ನಂಬಿಕೆಯಿಂದಲೇ, ಬಾಲಕ ಉಳಿದ. ನಾಯಿ ಕಡಿದ ಗಾಯವನ್ನು ತಡಮಾಡದೆ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಓಡಬೇಕು. ಸೋಪೇಕೆ? ಈ ವೈರಸ್ಸೂ ಕೊಬ್ಬಿನ ಶಾಲು ಹೊದ್ದವರ ಗುಂಪಿಗೆ ಸೇರಿದುದು. ಜಿಡ್ಡಿನ ಪಾತ್ರೆಯನ್ನು ತೊಳೆಯುವ ಸೋಪು ಆ ಶಾಲನ್ನೂ ಹರಿದುಹಾಕುತ್ತದೆ. ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಮೆತ್ತಿ ಕಾಲ ಕಳೆಯುವುದು ವೈರಸ್ಸಿಗೆ ದಾರಿ ಬಿಟ್ಟುಕೊಟ್ಟಂತೆ.

ವೈರಸ್ಸಿಗೆ ಜೀವವುಂಟೆ ಇಲ್ಲವೆ ಎಂಬ ಚರ್ಚೆ ಪಂಡಿತರಲ್ಲಿ ಮುಗಿದಿಲ್ಲ. ಸೀಸೆಯಲ್ಲಿ ಅದು ಹರಳು. ಕೋಶದಲ್ಲಿ ಅದು ಯಜಮಾನ. ಸಂಸಾರಸ್ಥರಿಗೆ ಆ ಚರ್ಚೆಗಿಂತ ಒಂದು ಮಾತು ಸಾಕು: ಅದಕ್ಕೆ ತನ್ನದೆಂಬ ಒಲೆಯಿಲ್ಲ.

ಚಿಕಿತ್ಸಾಲಯದಿಂದ ಬರಿಗೈಯಲ್ಲಿ ಮರಳಿದ ತಂದೆ ಮನೆಯಲ್ಲಿ ಗೊಣಗುತ್ತಿರಬಹುದು. ಅಜ್ಜಿ ಮಾತ್ರ ಸದ್ದಿಲ್ಲದೆ ಗಂಜಿಯನ್ನು ಆರಿಸಿ ಮೊಮ್ಮಗನಿಗೆ ಕುಡಿಸುತ್ತಾಳೆ. ನಾಲ್ಕನೆಯ ದಿನ ಜ್ವರ ಇಳಿಯುತ್ತದೆ. ಅಷ್ಟರಲ್ಲಿ ಹುಡುಗನ ದೇಹ ತನ್ನ ಮನೆಯನ್ನು ತಾನೇ ಮರಳಿ ಗೆದ್ದುಕೊಂಡಿರುತ್ತದೆ. ಬಂದಿದ್ದವನ ಗುರುತನ್ನೂ ಬಾಗಿಲಲ್ಲಿ ಬರೆದಿಟ್ಟುಕೊಂಡಿರುತ್ತದೆ.